ಪಾಲ್ ಹಾಲಾಯಿತು, ಉಪ್ಪು ಉಪ್ಪಾಗಿಯೇ ಉಳಿಯಿತು

ದಾರಿಹೋಕ:
ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ ಎಂದು ಶಾಲೆಯಲ್ಲಿ ನಮಗೆಲ್ಲ ಕಲಿಸಿದ್ದಾರೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಒಪ್ಪೋಣ. ಆದರೆ ಉಪ್ಪು, ತಪ್ಪು, ಅಪ್ಪ ಇದ್ದ ಹಾಗೆಯೇ ಇವೆ. ಪಾಪ, ಪುಣ್ಯ, ಪಾದಗಳೂ ಬದಲಾಗಲಿಲ್ಲ. ಇಷ್ಟು ತೂತುಗಳಿರುವ ಸೂತ್ರವನ್ನು ಹಿಡಿದುಕೊಳ್ಳುವುದಕ್ಕಿಂತ, ಪ್ರತಿಯೊಂದು ಪದಕ್ಕೂ ಅದರದೇ ಚರಿತ್ರೆ ಇದೆ ಎಂದು ಒಪ್ಪುವುದು ಪ್ರಾಮಾಣಿಕವಲ್ಲವೇ? ಸಾಮಾನ್ಯೀಕರಣವೆಂಬುದು ಸೋಮಾರಿತನಕ್ಕೆ ಇಟ್ಟ ದೊಡ್ಡ ಹೆಸರು ಎಂದೇ ನನ್ನ ಅನಿಸಿಕೆ.

ಹಳೇ ಮೇಷ್ಟ್ರು:
ಸೂತ್ರವನ್ನು ಅರ್ಧ ಹೇಳಿ, ಅದು ಅರ್ಧವೇ ಇದೆ ಎಂದು ದೂರುತ್ತಿದ್ದೀರಿ. ಹಕಾರವಾಗುವುದು ಪದದ ಮೊದಲಿನ ಪಕಾರ. ಉಪ್ಪಿನಲ್ಲಿರುವುದು ನಡುವಿನ ಒತ್ತಕ್ಷರ. ಪಾಪ, ಪುಣ್ಯಗಳನ್ನು ಸಂಸ್ಕೃತದ ಓದು ಕಾಪಾಡಿತು. ಜನರ ಬಾಯಿಗೆ ಬಿದ್ದು ತದ್ಭವವಾದ ಪರ್ವ ಮಾತ್ರ ಹಬ್ಬವಾಯಿತು. ಎಣಿಕೆಯ ಪದಗಳನ್ನೇ ನೋಡಿ: ಒಂಟಿಯಾಗಿ ನಿಂತ ಪತ್ತು ಹತ್ತಾಯಿತು, ಇಪ್ಪತ್ತು, ಎಪ್ಪತ್ತುಗಳಲ್ಲಿ ಹಿಂದಿನ ವ್ಯಂಜನದ ಜೊತೆ ಬೆಸೆದುಕೊಂಡು ಪಕಾರವಾಗಿಯೇ ಉಳಿಯಿತು, ಮೂವತ್ತು, ಅರವತ್ತುಗಳಲ್ಲಿ ಸ್ವರಗಳ ನಡುವೆ ಸಿಕ್ಕಿ ವಕಾರವಾಯಿತು, ಎಂಬತ್ತು, ತೊಂಬತ್ತುಗಳಲ್ಲಿ ಅನುನಾಸಿಕದ ಮಗ್ಗುಲಲ್ಲಿ ಬಕಾರವಾಯಿತು. ಚಿಲ್ಲರೆ ಎಣಿಸುವಾಗ ಈ ನಾಲ್ಕೂ ರೂಪಗಳು ದಿನವೂ ನಮ್ಮ ಬಾಯಲ್ಲಿವೆ. ಒಂದೊಂದು ಪದದ ಚರಿತ್ರೆಯನ್ನು ಬೇರೆ ಬೇರೆ ಬರೆದಿಟ್ಟಿದ್ದರೆ ಇವೆಲ್ಲದರೊಳಗೂ ಒಂದೇ ಪತ್ತು ಕುಳಿತಿದೆಯೆಂಬುದು ಕಾಣುತ್ತಲೇ ಇರಲಿಲ್ಲ.

ಗದಗಿನವಳು:
ಮೇಷ್ಟ್ರೇ, ಅದು ಅಷ್ಟು ಸಲೀಸಲ್ಲ. ‘ಪಡೆ’ ಅಚ್ಚಗನ್ನಡದ ಪದ, ಪಕಾರ ಮೊದಲಲ್ಲೇ ಇದೆ, ‘ಬಹುಮಾನ ಪಡೆದರು’ ಎಂದು ಇಂದಿಗೂ ಬರೆಯುತ್ತೇವೆ. ಒಂದೊಂದು ಅಪವಾದ ಎದುರಾದಾಗಲೂ ಒಂದೊಂದು ಷರತ್ತು ಸೇರಿಸುತ್ತ ಹೋದರೆ ಸೂತ್ರ ಎಂದೂ ಸೋಲುವುದಿಲ್ಲ. ಸೋಲುವುದಕ್ಕೆ ಎಡೆಯೇ ಇಲ್ಲದ ಸೂತ್ರದಿಂದ ನಮಗೆ ತಿಳಿದದ್ದಾದರೂ ಏನು?

ಹಳೇ ಮೇಷ್ಟ್ರು:
ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿದೆ. ಆದರೆ ನಿಮ್ಮ ಕಡೆ ಹೆತ್ತ ತಾಯಿಯನ್ನು ಹಡೆದವ್ವ ಎನ್ನುತ್ತಾರಲ್ಲ, ಆ ‘ಹಡೆ’ ಇದೇ ‘ಪಡೆ’. ಮನೆಮಾತಿನಲ್ಲಿ ಸೂತ್ರ ನಡೆದಿದೆ; ಬರವಣಿಗೆಯ ‘ಪಡೆ’ ಹಳೆಯ ಕಾವ್ಯಗಳ ಓದಿನಿಂದ ಉಳಿದದ್ದು ಎಂಬುದು ನನ್ನ ಊಹೆ. ಇನ್ನು ಷರತ್ತಿನ ಮಾತು. 1822ರಲ್ಲಿ ಭಾಷಾವಿದ್ವಾಂಸ ಗ್ರಿಮ್ ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮ್ಯಾನಿಕ್ ಭಾಷೆಗಳಿಗೆ ಹೇಳಿದ ಧ್ವನಿನಿಯಮಕ್ಕೆ ಒಗ್ಗದ ಪದಗಳು ಹಲವು ಉಳಿದಿದ್ದವು. 1870ರ ದಶಕದಲ್ಲಿ ವರ್ನರ್ ಎಂಬ ಇನ್ನೊಬ್ಬ ವಿದ್ವಾಂಸ ಅವುಗಳಿಗೊಂದು ಷರತ್ತು ಹೇಳಿದ. ಅದಕ್ಕೆ ಆಧಾರ ಸಿಕ್ಕಿದ್ದು ಆ ಭಾಷೆಗಳ ಬಂಧುವಾದ ಸಂಸ್ಕೃತದಲ್ಲಿ, ವೇದದ ಉದಾತ್ತ ಸ್ವರದಲ್ಲಿ, ಅಂದರೆ ಏರುದನಿಯಲ್ಲಿ. ಭ್ರಾತೃ ಶಬ್ದದಲ್ಲಿ ಉದಾತ್ತ ಮೊದಲ ಅಕ್ಷರದ ಮೇಲಿದೆ, ಪಿತೃ ಶಬ್ದದಲ್ಲಿ ಎರಡನೆಯದರ ಮೇಲೆ. ಜರ್ಮ್ಯಾನಿಕ್‌ನಲ್ಲಿ ಆ ಎರಡು ಪದಗಳ ತಕಾರ ಬೇರೆ ಬೇರೆ ದಾರಿ ಹಿಡಿದದ್ದು ಅದಕ್ಕಾಗಿ. ಷರತ್ತಿಗೆ ಹೀಗೆ ಹೊರಗಿನ ಸಾಕ್ಷಿ ಇರಬೇಕು ಎನ್ನುವುದಾದರೆ ನಿಮ್ಮ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ.

ತುಂಗಾತೀರ:
ನಮ್ಮ ತರಗತಿಯಲ್ಲಿ ಹಾಲಿಗೆ ‘ಆಲು’ ಎನ್ನುತ್ತಿದ್ದ ಹುಡುಗನೊಬ್ಬನಿದ್ದ. ತಿದ್ದಿಸಿಕೊಂಡು ತಿದ್ದಿಸಿಕೊಂಡು ಕೊನೆಗೆ ಅವನು ಅನ್ನಕ್ಕೂ ‘ಹನ್ನ’ ಎನ್ನತೊಡಗಿದ, ನಾವೆಲ್ಲ ನಕ್ಕೆವು. ಈಗ ಯೋಚಿಸಿದರೆ, ಕೊಟ್ಟ ಉದಾಹರಣೆಗಳಿಂದ ಸೂತ್ರ ಕಟ್ಟಿದವನು ಇಡೀ ತರಗತಿಯಲ್ಲಿ ಅವನೊಬ್ಬನೇ.

ದಾರಿಹೋಕ:
ಎಣಿಕೆಯ ಪದಗಳ ವಿಷಯದಲ್ಲಿ ನಾನು ಸೋತೆ. ಆದರೆ ಮೇಷ್ಟ್ರೇ, ‘ತನ್ನ ಪಾಡಿಗೆ ತಾನಿದ್ದಾನೆ’ ಎನ್ನುವಲ್ಲಿನ ‘ಪಾಡು’ ಏಕೆ ಹಾಡಾಗಲಿಲ್ಲ? ಇದು ಕಾವ್ಯದ ಓದಿನಿಂದ ಬಂದ ಮಾತಲ್ಲ, ಓದು ಬಾರದ ನಮ್ಮಜ್ಜಿ ದಿನವೂ ಆಡುತ್ತಿದ್ದ ಮಾತು.