‘ಕ್ಲ್ಯಾಂಬರ್’ ಅನ್ನೋದಕ್ಕೆ ಬರೀ ‘ಹತ್ತು’ ಸಾಕಾ?

ಪ್ರಶ್ನೆ:
ಮಕ್ಕಳ ಕತೆಯೊಂದನ್ನು ಇಂಗ್ಲಿಷಿನಿಂದ ತರುತ್ತಿದ್ದೇನೆ. ‘ಕ್ಲ್ಯಾಂಬರ್’ (clamber) ಮೂರು ಕಡೆ ಇದೆ: ಹುಡುಗಿ ಬಂಡೆಯ ಮೇಲಕ್ಕೆ, ಅಜ್ಜ ದೋಣಿಯಿಂದ ಹೊರಕ್ಕೆ, ನಾಯಿ ಗೋಡೆಯಾಚೆಗೆ. ಮೂರಕ್ಕೂ ‘ಕಷ್ಟಪಟ್ಟು ಹತ್ತು’ ಎಂದರೆ ಓದಕ್ಕಾಗಲ್ಲ. ‘ಕ್ಲೈಂಬ್’ಗೂ ಇದಕ್ಕೂ ಏನು ವ್ಯತ್ಯಾಸ? ‘ಬ’ ಉಚ್ಚರಿಸಬೇಕಾ?

ಉತ್ತರ 1:
ಉಚ್ಚರಿಸಬೇಕು. ‘ಕ್ಲೈಂಬ್’ ಆಡುವಾಗ ‘ಕ್ಲೈಮ್’ ಆಗುತ್ತದೆ, ಇಲ್ಲಿ ‘ಬ’ ಉಳಿಯುತ್ತದೆ. ಅರ್ಥ: ಕಾಲಿನ ಜೊತೆ ಕೈಯನ್ನೂ ಊರಿ, ಅಡ್ಡಾದಿಡ್ಡಿಯಾಗಿ ಹತ್ತುವುದು. ಕಾಲಿಗೆ ತಳೆ ಹಾಕಿ ಸರಸರನೆ ಅಡಿಕೆ ಮರ ಹತ್ತುವ ಕೊನೆಗಾರನಿಗೆ ಈ ಪದ ಸಲ್ಲದು. ಕಂಬವನ್ನು ತಬ್ಬಿ ಹತ್ತಿದರೆ ‘ಶಿನ್’. ಅವಸರವೂ ಸೇರಿದರೆ ‘ಸ್ಕ್ರ್ಯಾಂಬಲ್’.

ಉತ್ತರ 2:
ತೊಡಕು ಇರುವುದು ದಿಕ್ಕಿನಲ್ಲಿ. ಇಂಗ್ಲಿಷಿನ ಈ ಕ್ರಿಯಾಪದ ಹೇಗೆ ಎಂಬುದನ್ನಷ್ಟೇ ಹೇಳುತ್ತದೆ. ಮೇಲಕ್ಕೋ ಕೆಳಕ್ಕೋ ಆಚೆಗೋ ಎಂಬುದನ್ನು ಪಕ್ಕದ ಪುಟ್ಟ ಪದ ಹೇಳುತ್ತದೆ. ನಮ್ಮಲ್ಲಿ ದಿಕ್ಕು ಕ್ರಿಯಾಪದದೊಳಗೇ ಇದೆ: ಹತ್ತು, ಇಳಿ, ದಾಟು. ಹಾಗಾಗಿ ಮೊದಲು ದಿಕ್ಕಿನ ಕ್ರಿಯಾಪದ ಆರಿಸಿ, ಆಮೇಲೆ ದೇಹದ ಯಾವ ಭಾಗ ಒದ್ದಾಡುತ್ತಿದೆ ನೋಡಿ ಆ ಕ್ರಿಯಾಪದಕ್ಕೆ ಮೊದಲು ಒಂದು ಪದ ಕೂಡಿಸಿ.

‘ಹುಡುಗಿ ಕೈಯೂರಿ ಮಂಡಿಯೂರಿ ಬಂಡೆ ಹತ್ತಿದಳು.’ ‘ನಾಯಿ ಪರಚಾಡಿಕೊಂಡು ಗೋಡೆ ದಾಟಿತು.’ ಅಜ್ಜನದೇ ಫಜೀತಿ. ಕಟ್ಟೆ ದೋಣಿಗಿಂತ ಎತ್ತರವಿದ್ದರೆ ‘ತಿಣುಕುತ್ತಾ ಕಟ್ಟೆ ಹತ್ತಿದ’, ದೋಣಿ ಮರಳಿನ ಮೇಲಿದ್ದರೆ ‘ಅಂಚು ಹಿಡಿದು ತಿಣುಕುತ್ತಾ ಇಳಿದ’. ಮೂಲ ಇದನ್ನು ಹೇಳದೆ ಬಿಡಬಹುದು, ಕನ್ನಡ ಬಿಡುವುದಿಲ್ಲ. ಹಿಂದಿನ ಪುಟದಲ್ಲಿ ದಡ ಹೇಗಿದೆ ನೋಡಿ, ಚಿತ್ರವಿದ್ದರೆ ಅದನ್ನೂ.

‘ತೆವಳಿಕೊಂಡು’ ಹಾಕುವ ಆಸೆಯಾಗುತ್ತದೆ, ತಡೆಯಿರಿ. ಅದಕ್ಕೆ ಹೊಟ್ಟೆಯೋ ಕುಂಡೆಯೋ ನೆಲಕ್ಕೆ ತಾಗಬೇಕು. ಮಧುಗಿರಿ ಬೆಟ್ಟದ ಕಡಿದಾದ ಬಂಡೆಯಲ್ಲಿ ಕೂತು ಜಾರುತ್ತಾ ಇಳಿಯುವವರಿಗೆ ಒಪ್ಪೀತು, ಈ ಹುಡುಗಿಗಲ್ಲ.

ಉತ್ತರ 3:
‘ಏರು’ ಕೂಡ ಬೇಡ. ರಾಜ ಸಿಂಹಾಸನ ಏರುತ್ತಾನೆ, ಬೆಲೆ ಏರುತ್ತದೆ, ಅದರಲ್ಲಿ ಒದ್ದಾಟವಿಲ್ಲ. ‘ಅಡರು’ ಹಳಗನ್ನಡದ ಚೆಂದದ ಪದ, ಆದರೆ ಮಕ್ಕಳಿಗೆ ಎಟುಕದು.

ಇನ್ನೊಂದು: ಕತೆಯಲ್ಲಿ ಗಿಡಬಳ್ಳಿಗೂ ‘ಕ್ಲ್ಯಾಂಬರ್’ ಬಂದರೆ ಹತ್ತಿಸಬೇಡಿ. ಬೋಗನ್‌ವಿಲ್ಲಾದಂಥವಕ್ಕೆ ಸುತ್ತಿಕೊಳ್ಳುವ ಕುಡಿಯಿಲ್ಲ, ಮುಳ್ಳು ಸಿಕ್ಕಿಸಿ ಒರಗಿಕೊಂಡು ಮೇಲೆ ಹೋಗುತ್ತವೆ. ‘ಗೋಡೆಯ ಮೇಲೆಲ್ಲ ಹಬ್ಬಿತ್ತು’ ಸಾಕು.