ಗೋಲ್ಡ್ ಕಾರ್ಡನ್ನು ಬೇರೆ ವಿಮಾನ ಸಂಸ್ಥೆಗೆ ಒಯ್ಯಬಹುದೇ? ಅನುಭವವಿದ್ದವರು ತಿಳಿಸಿ

ಧಾರವಾಡ, ಸಪ್ತಾಪುರದಿಂದ ಪ್ರಶ್ನೆ:
ನಾನು ಹುಬ್ಬಳ್ಳಿಯ ವಾಲ್ವ್ ತಯಾರಿಕಾ ಕಂಪನಿಯೊಂದರ ರಫ್ತು ವಿಭಾಗದಲ್ಲಿದ್ದೇನೆ. ಜರ್ಮನಿಗೆ ಹೋಗಿಬರುವುದೆಲ್ಲ ಏರ್ ಇಂಡಿಯಾದಲ್ಲೇ ಆಗುತ್ತಿದ್ದುದರಿಂದ ಆಗಾಗ ಹಾರುವವರಿಗೆ ಪಾಯಿಂಟ್, ಸೌಲಭ್ಯ ಕೊಡುವ ಅವರ ಮಹಾರಾಜ ಕ್ಲಬ್ ಯೋಜನೆಯಲ್ಲಿ ಗೋಲ್ಡ್ ದರ್ಜೆ ದೊರೆತಿದೆ. ಈ ವರ್ಷದಿಂದ ಕಂಪನಿಯವರು ಕೊಲ್ಲಿ ದೇಶಗಳ ಮೂಲಕ ಟಿಕೆಟ್ ಮಾಡಿಸುತ್ತಿದ್ದಾರೆ. ನನಗೆ ಲಾಂಜ್‌ಗಿಂತ ಹೆಚ್ಚುವರಿ ಲಗೇಜೇ ಮುಖ್ಯ, ಏಕೆಂದರೆ ಮಾದರಿ ವಾಲ್ವ್‌ಗಳನ್ನು ಜೊತೆಗೇ ಒಯ್ಯಬೇಕಾಗುತ್ತದೆ. ದರ್ಜೆಯನ್ನೂ ಪಾಯಿಂಟ್‌ಗಳನ್ನೂ ಹೊಸ ಸಂಸ್ಥೆಗೆ ವರ್ಗಾಯಿಸಲು ಬರುತ್ತದೆಯೇ?

ಹುಬ್ಬಳ್ಳಿ, ವಿದ್ಯಾನಗರದಿಂದ:
ಸರ್, ಪಾಯಿಂಟ್‌ಗಳ ಆಸೆಯನ್ನು ಮೊದಲೇ ಬಿಡಿ. ಅವು ಗಳಿಸಿದ ಖಾತೆಯಲ್ಲೇ ಉಳಿಯುತ್ತವೆ. ಅವಧಿ ಮುಗಿಯುವುದರೊಳಗೆ ಮುಂಬೈ–ದೆಹಲಿಯಂಥ ಟಿಕೆಟ್‌ಗೆ ಬಳಸಿಕೊಳ್ಳುವುದು ಲೇಸು. ದರ್ಜೆಯೂ ನಿಜವಾಗಿ ವರ್ಗವಾಗುವುದಿಲ್ಲ. ನಿಮ್ಮ ಕಾರ್ಡ್ ನೋಡಿ, ನೀವು ಆಗಾಗ ಹಾರುವವರೆಂದು ಖಾತ್ರಿಯಾದ ಮೇಲೆ, ಎರಡನೆಯ ಸಂಸ್ಥೆ ತನ್ನಲ್ಲಿ ಅದಕ್ಕೆ ಸಮನಾದ ದರ್ಜೆಯನ್ನು ಹೊಸದಾಗಿ ಕೊಡುತ್ತದೆ. ಸ್ಟೇಟಸ್ ಮ್ಯಾಚ್ ಎನ್ನುವುದು ಇದನ್ನೇ. ಹಳೆಯ ಗೋಲ್ಡ್ ತನ್ನ ಅವಧಿಯವರೆಗೆ ಹಾಗೆಯೇ ಇರುತ್ತದೆ. 2024ರ ನವೆಂಬರ್ 12ರಂದು ವಿಸ್ತಾರಾ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಸದಸ್ಯರ ಪಾಯಿಂಟ್ ಮತ್ತು ದರ್ಜೆ ಎರಡೂ ಮಹಾರಾಜ ಕ್ಲಬ್‌ಗೆ ಬಂದವು. ಎಲ್ಲ ಕಡೆಯೂ ಹೀಗೇ ನಡೆಯುತ್ತದೆಂಬ ನಂಬಿಕೆ ಹಲವರಲ್ಲಿ ಹುಟ್ಟಿದ್ದು ಬಹುಶಃ ಅದರಿಂದಲೇ ಇರಬೇಕು, ಆದರೆ ಅಲ್ಲಿ ಎರಡು ಸಂಸ್ಥೆಗಳೇ ಒಂದಾಗಿದ್ದವು.

ಇನ್ನು, ಅರ್ಜಿ ಹಾಕುವ ಮುಂಚೆ ಯಾವ ಸಂಸ್ಥೆ ಯಾವ ಕೂಟದಲ್ಲಿದೆ (ಕೂಟವೆಂದರೆ ಪರಸ್ಪರರ ಕಾರ್ಡುಗಳನ್ನು ಮಾನ್ಯ ಮಾಡುವ ವಿಮಾನ ಸಂಸ್ಥೆಗಳ ಒಕ್ಕೂಟ) ಎಂಬುದನ್ನು ನೋಡಬೇಕು. ಏರ್ ಇಂಡಿಯಾ 2014ರ ಜುಲೈನಿಂದ ಸ್ಟಾರ್ ಅಲಯನ್ಸ್‌ನಲ್ಲಿರುವುದರಿಂದ ನಿಮ್ಮ ಗೋಲ್ಡ್ ಕಾರ್ಡ್ ಲುಫ್ತಾನ್ಸಾ, ಟರ್ಕಿಶ್, ಸಿಂಗಾಪುರ ಏರ್‌ಲೈನ್ಸ್‌ಗಳಲ್ಲಿಯೂ ಸ್ಟಾರ್ ಗೋಲ್ಡ್ ಎಂದೇ ನಡೆಯುತ್ತದೆ. ಅಲ್ಲಿ ಮ್ಯಾಚ್ ಬೇಕಾಗಿಲ್ಲ, ಟಿಕೆಟ್‌ನಲ್ಲಿ ಮಹಾರಾಜ ಕ್ಲಬ್ ಸಂಖ್ಯೆ ನಮೂದಿಸಿದರೆ ಸಾಕು. ತೂಕದ ಲೆಕ್ಕವಿರುವ ಮಾರ್ಗದಲ್ಲಿ 20 ಕೆ.ಜಿ., ಪೆಟ್ಟಿಗೆಯ ಲೆಕ್ಕವಿರುವಲ್ಲಿ ಒಂದು ಪೆಟ್ಟಿಗೆ ಹೆಚ್ಚು ಸಿಗುತ್ತದೆ. ಕೊಲ್ಲಿಯ ಸಂಸ್ಥೆಗಳ ಪೈಕಿ ಕತಾರ್ ಏರ್‌ವೇಸ್ ಒನ್‌ವರ್ಲ್ಡ್ ಕೂಟದ್ದು. ಎಮಿರೇಟ್ಸ್ ಮತ್ತು ಎತಿಹಾದ್ ಯಾವ ಕೂಟಕ್ಕೂ ಸೇರಿಲ್ಲ. ಹಾಗಾಗಿ ಇವುಗಳಲ್ಲಿ ನಿಮ್ಮ ಕಾರ್ಡ್ ತಾನಾಗಿ ನಡೆಯುವುದಿಲ್ಲ. ಆದ್ದರಿಂದ ಕಂಪನಿಯವರು ಒಪ್ಪುವುದಾದರೆ ಟರ್ಕಿಶ್‌ನವರ ಇಸ್ತಾಂಬುಲ್ ಮಾರ್ಗದ ದರವನ್ನೂ ಒಮ್ಮೆ ವಿಚಾರಿಸಿ ಎಂಬುದು ನನ್ನ ಸಲಹೆ. ದರದಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಈ ಮ್ಯಾಚ್‌ನ ಉಸಾಬರಿಯೇ ಬೇಡ.

ಗದಗದಿಂದ:
ಕೊಲ್ಲಿ ಮಾರ್ಗವೇ ಖಚಿತವಾದರೆ ಕಾಗದಪತ್ರಗಳ ಕಡೆ ಗಮನ ಕೊಡಿರಿ. ಹೆಸರು, ಸಂಖ್ಯೆ, ಅವಧಿ ಮೂರೂ ಕಾಣುವಂತೆ ಕಾರ್ಡಿನ ಚಿತ್ರವನ್ನೂ ಕಳೆದ ಹನ್ನೆರಡು ತಿಂಗಳ ಪ್ರಯಾಣದ ಸ್ಟೇಟ್‌ಮೆಂಟನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಕ್ರೆಡಿಟ್ ಕಾರ್ಡಿನ ಜೊತೆ ಉಚಿತವಾಗಿ ಬಂದ ದರ್ಜೆಯನ್ನು ಅನೇಕರು ಒಪ್ಪುವುದಿಲ್ಲ, ಹಾರಿ ಗಳಿಸಿದ್ದೇ ಬೇಕು. ನಮ್ಮ ಕಡೆಯವರಿಗೆ ಅಡ್ಡಿಯಾಗುವುದು ಹೆಸರೇ. ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಪೂರ್ತಿಯಾಗಿವೆ. ಹಳೆಯ ಸದಸ್ಯತ್ವದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಒಂದೇ ಇನಿಷಿಯಲ್ ಇತ್ತು. ಅಷ್ಟಕ್ಕೇ ಒಂದು ವಿದೇಶಿ ಸಂಸ್ಥೆ ನನ್ನ ಅರ್ಜಿಯನ್ನು ಕಾರಣವನ್ನೂ ವಿವರಿಸದೆ ಮರಳಿಸಿತು. ಮೊದಲು ಹಳೆಯ ಖಾತೆಯಲ್ಲಿ ಪಾಸ್‌ಪೋರ್ಟಿನಂತೆಯೇ ಹೆಸರು ತಿದ್ದಿಸಿ, ಬಳಿಕ ಹೊಸ ಖಾತೆಯನ್ನೂ ಅಕ್ಷರಶಃ ಹಾಗೆಯೇ ತೆರೆಯಿರಿ.

ರಾಣೆಬೆನ್ನೂರಿನಿಂದ:
ಮೇಲಿನ ಇಬ್ಬರೂ ಹೇಳದೆ ಬಿಟ್ಟದ್ದು ಸಮಯದ ಮಾತು. ಅನೇಕ ಸಂಸ್ಥೆಗಳು ಮೊದಲು ಮೂರು ನಾಲ್ಕು ತಿಂಗಳಿಗಷ್ಟೇ ದರ್ಜೆ ಕೊಟ್ಟು, ಆ ಅವಧಿಯಲ್ಲಿ ಗೊತ್ತುಪಡಿಸಿದಷ್ಟು ಪ್ರಯಾಣ ಮಾಡಿದರೆ ಮಾತ್ರ ಅದನ್ನು ವರ್ಷದ ಮಟ್ಟಿಗೆ ಮುಂದುವರಿಸುತ್ತವೆ. ಮತ್ತೆ ಮತ್ತೆ ಕೇಳಲೂ ಬರುವುದಿಲ್ಲ. ಕೆಲವರು ಒಬ್ಬ ಸದಸ್ಯರಿಗೆ ಒಂದೇ ಸಲ, ಕೆಲವರು ಹಲವು ವರ್ಷಗಳಿಗೊಮ್ಮೆ ಅವಕಾಶ ಕೊಡುತ್ತಾರೆ. ಹಾಗಾಗಿ ಕೆಲಸವಿಲ್ಲದ ದಿನಗಳಲ್ಲಿ ಕುತೂಹಲಕ್ಕೆಂದು ಅರ್ಜಿ ಹಾಕದೆ, ಎರಡು ಮೂರು ಪ್ರವಾಸಗಳ ತಾರೀಖು ಗೊತ್ತಾಗಿ ಮೊದಲನೆಯ ಟಿಕೆಟ್ ಕೈಗೆ ಬಂದ ಮೇಲೆ ಹಾಕಿರಿ. ನಿಮ್ಮ ಹಳೆಯ ಗೋಲ್ಡ್ ಇನ್ನೂ ಚಾಲ್ತಿಯಲ್ಲಿರುವಾಗಲೇ ಇದು ಆಗಬೇಕು. ಶುಲ್ಕ ಕೇಳುವ ಸಂಸ್ಥೆಯಾದರೆ, ಆ ಹಣಕ್ಕೆ ಎಷ್ಟು ಕಿಲೋ ಲಗೇಜನ್ನು ನೇರವಾಗಿ ಕೊಳ್ಳಬಹುದಿತ್ತು ಎಂದು ಲೆಕ್ಕ ಹಾಕಿ ನೋಡಿ. ವರ್ಷಕ್ಕೊಂದು ಸಲ ಹೋಗುವವರಿಗೆ ಲಗೇಜು ಕೊಳ್ಳುವುದೇ ಅಗ್ಗವಾದೀತು.

ಹುಬ್ಬಳ್ಳಿ, ಕೇಶ್ವಾಪುರದಿಂದ:
ವಾಲ್ವ್ ಒಯ್ಯುವವರಿಗೆ ಇನ್ನೊಂದು ವಿಷಯ. ಮುಂಬೈಯಿಂದಾಚೆ ಯಾವ ದರ್ಜೆ ಇದ್ದರೂ ಹುಬ್ಬಳ್ಳಿಯಿಂದ ಮುಂಬೈವರೆಗಿನ ಇಂಡಿಗೋ ಟಿಕೆಟನ್ನು ಬೇರೆ ಪಿಎನ್‌ಆರ್‌ನಲ್ಲಿ ಮಾಡಿಸಿದರೆ, ಗೋಕುಲ ರೋಡಿನ ವಿಮಾನ ನಿಲ್ದಾಣದಲ್ಲಿ ನಿಮ್ಮ ಪೆಟ್ಟಿಗೆಗೆ ದೇಶೀಯ ಪ್ರಯಾಣದ 15 ಕೆ.ಜಿ. ಮಿತಿಯೇ ಅನ್ವಯಿಸುತ್ತದೆ. ಅಲ್ಲಿ ಗೋಲ್ಡ್ ಕಾರ್ಡ್ ತೋರಿಸಿ ಪ್ರಯೋಜನವಿಲ್ಲ. ಒಂದೇ ಟಿಕೆಟ್‌ನಲ್ಲಿ ಜರ್ಮನಿಯವರೆಗೆ ಕೊಡುವ ಸಂಸ್ಥೆ ಇದೆಯೇ ಎಂದು ನಿಮ್ಮ ಏಜೆಂಟರನ್ನು ಕೇಳಿ. ಇಲ್ಲವೆಂದಾದರೆ ಹೆಚ್ಚುವರಿ ತೂಕದ ಹಣವನ್ನು ಆನ್‌ಲೈನ್‌ನಲ್ಲಿ ಮುಂಚಿತವಾಗಿ ಕಟ್ಟಿಬಿಡಿ, ಕೌಂಟರಿನಲ್ಲಿ ಕಟ್ಟುವುದಕ್ಕಿಂತ ಕಡಿಮೆ ಬೀಳುತ್ತದೆ. ಸಮಯವಿದ್ದರೆ ರಾತ್ರಿ ರೈಲಿನಲ್ಲಿ ಮುಂಬೈಗೆ ಹೋಗಿಬಿಡುವುದೂ ಒಂದು ದಾರಿ.