ಆರು ಬೈ ಎಂಟು ಅಡಿ ಅಡುಗೆಮನೆ, ಡಬ್ಬಗಳಿಗೆ ಜಾಗ ಎಲ್ಲಿ?

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿ ಬಾಡಿಗೆ ಮನೆ. ಕಡಪ ಕಲ್ಲಿನ ಶೆಲ್ಫ್ ಎರಡೇ. 25 ಕೆಜಿ ಅಕ್ಕಿ, ರಾಗಿಹಿಟ್ಟು, ಬೇಳೆ ಡಬ್ಬ ಹೇಗೆ ಹೊಂದಿಸೋದು?

ಉತ್ತರ 1: ಶೆಲ್ಫುಗಳ ನಡುವಿನ ಎತ್ತರ ಅಳೀರಿ ಸಾರ್. 16 ಇಂಚಿದ್ದು ಡಬ್ಬ 7 ಇಂಚಾದ್ರೆ ಮೇಲರ್ಧ ದಂಡ. ಮಧ್ಯೆ ಸ್ಟೀಲ್ ಸ್ಟ್ಯಾಂಡ್ ಇಡಿ. ದುಂಡು ಡಬ್ಬ ಬೇಡ, ಚೌಕದ್ದೇ ಬೇಕು. ದುಂಡಗಿನದು ಮೂಲೆಗಳಲ್ಲೇ ಐದನೇ ಒಂದು ಪಾಲು ಜಾಗ ತಿನ್ನುತ್ತೆ.

ಉತ್ತರ 2: ಗೋಡೆಗೆ ರ‍್ಯಾಕ್ ಹಾಕಿಸಿ, ಓನರ್ ಒಪ್ಪಿದ್ರೆ. ಡ್ರಿಲ್ಲಿಗೆ 8 ಎಂಎಂ ಬಿಟ್, ತೂತಿನಲ್ಲಿ ಸ್ಕ್ರೂ ಹಿಡಿಯೋಕೆ ಅದೇ ಅಳತೆಯ ಪ್ಲಗ್. ಟೈಲ್ಸ್ ದಾಟೋವರೆಗೂ ಡ್ರಿಲ್‌ನ ಹ್ಯಾಮರ್ (ಕುಟ್ಟುತ್ತಾ ಕೊರೆಯೋ ಮೋಡ್) ಆಫ್ ಇರಲಿ, ಇಲ್ಲಾಂದ್ರೆ ಬಿರುಕು ಗ್ಯಾರಂಟಿ. ಅಂಟಿಸೋ ಹುಕ್ಕು ಒಲೆ ಹತ್ರ ನಿಲ್ಲಲ್ಲ, ಒಗ್ಗರಣೆ ಜಿಡ್ಡಿಗೆ ಕಳಚಿಕೊಳ್ಳುತ್ತೆ.

ಉತ್ತರ 3: ಅಕ್ಕಿ ಮಾತ್ರ ಸಿಂಕ್ ಕೆಳಗೆ ಇಡಬೇಡಿ, ತೇವಕ್ಕೆ ಮುಗ್ಗುತ್ತೆ. ಸಿಲಿಂಡರನ್ನ ಕಬೋರ್ಡಲ್ಲಿ ಮುಚ್ಚಿಟ್ಟಿದ್ರೆ ಬಾಗಿಲ ಬುಡದಲ್ಲೇ ಗಾಳಿಕಿಂಡಿ ಬೇಕು. ಸೋರಿದ ಗ್ಯಾಸು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತೆ.